ಟೈಟಲ್ ಕ್ಲೀನ್ ಇದ್ದರೂ ಮೋಸ ಹೋದೆ: ಉಗಾಂಡಾದಲ್ಲಿ ಜಾಗ ನೋಡುತ್ತಿರುವವರು ಓದಿ

ಕಂಪಾಲಾ ಸುತ್ತಮುತ್ತ ಜಾಗ ಹುಡುಕುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಗು ಬಂದರೆ ನಗಿ, ಆದರೆ ಪೂರ್ತಿ ಓದಿ. ನಾನು ಕೊಟ್ಟಿದ್ದು 38 ಮಿಲಿಯನ್ ಶಿಲಿಂಗ್. ನಮ್ಮ ರೂಪಾಯಿಯಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ.

ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು, ಹಾರ್ಡ್‌ವೇರ್ ವ್ಯಾಪಾರ. ಗೋಡೌನಿಗೆ ಅಂತ ವಾಕಿಸೊ ಜಿಲ್ಲೆಯಲ್ಲಿ, ಹೊಯಿಮಾ ರಸ್ತೆ ಕಡೆ, ಅರ್ಧ ಎಕರೆ ನೋಡಿದೆ. ಇಲ್ಲಿಯ ಲೆಕ್ಕದಲ್ಲಿ 50 ಡೆಸಿಮಲ್. ವಿದೇಶಿಯರಿಗೆ ಇಲ್ಲಿ ಲೀಸ್ ಮಾತ್ರ, ಅದೂ ಹೆಚ್ಚೆಂದರೆ 99 ವರ್ಷ. ಅಷ್ಟು ನನಗೆ ಗೊತ್ತಿತ್ತು. 49 ವರ್ಷಕ್ಕೆ ಮಾತಾಯಿತು. ವಕೀಲರನ್ನು ಇಟ್ಟೆ. ಲ್ಯಾಂಡ್ ಆಫೀಸಿನಲ್ಲಿ ಸರ್ಚ್ ಮಾಡಿಸಿದೆ. ಟೈಟಲ್ ಅಸಲಿ, ಸಾಲ ಇಲ್ಲ, ಕೇವಿಯಟ್, ಅಂದರೆ ಯಾರದೂ ತಕರಾರು ಅರ್ಜಿ, ಇಲ್ಲ. ಎಲ್‌ಸಿ 1 ಚೇರ್ಮನ್, ಅಂದರೆ ಊರಿನ ಕೌನ್ಸಿಲ್ ಅಧ್ಯಕ್ಷ, ‘ಜಾಗದಲ್ಲಿ ಯಾರೂ ಇಲ್ಲ’ ಅಂತ ಸೀಲು ಹಾಕಿ ಪತ್ರವನ್ನೂ ಕೊಟ್ಟ. ಊರಲ್ಲಿ ಪಹಣಿ, ಇಸಿ ಎಲ್ಲಾ ಸರಿ ಇದ್ದರೆ ನಿಶ್ಚಿಂತೆ ಅಲ್ವಾ? ಹಾಗೇ ಅಂದುಕೊಂಡೆ.

ಜಾಗ ನೋಡಲು ಹೋಗಿದ್ದೆ, ಹೋಗಿಲ್ಲ ಅಂತಲ್ಲ. ಬ್ರೋಕರ್ ಭಾನುವಾರ ಬೆಳಿಗ್ಗೆಯೇ ಕರೆದುಕೊಂಡು ಹೋದ. ಎಲ್ಲರೂ ಚರ್ಚಿನಲ್ಲಿರುವ ಹೊತ್ತು ಅದು. ಇದು ನನಗೆ ಹೊಳೆದದ್ದು ಆಮೇಲೆ. ಬಾಳೆ ತೋಟ ಇತ್ತು, ತಗಡಿನ ಮನೆ ಇತ್ತು, ಬಾಳೆ ಬುಡದಲ್ಲಿ ಸಿಮೆಂಟಿನ ಎರಡು ಸಮಾಧಿ ಇದ್ದವು. ‘ಮನೆ ಯಾರದ್ದು?’ ಅಂದೆ. ‘ಕಾವಲಿನವಳು ಬಾಸ್, ಹೇಳಿದ ದಿನ ಹೋಗ್ತಾಳೆ.’ ‘ಸಮಾಧಿ?’ ‘ಹಳೇವು ಬಾಸ್.’ ಹಳೇವಂತೆ. ಸಮಾಧಿ ಎಲ್ಲಾದರೂ ಬಾಡಿಗೆಗೆ ಬಂದು ಕೂರುತ್ತದಾ? ಆ ಪ್ರಶ್ನೆ ಆಗ ನನ್ನ ತಲೆಗೆ ಬರಲೇ ಇಲ್ಲ.

ದುಡ್ಡು ಕೊಟ್ಟು ಎರಡು ವಾರಕ್ಕೆ ಬೇಲಿ ಹಾಕಿಸಲು ಕಂಬ, ತಂತಿ, ನಾಲ್ಕು ಆಳು ಕರೆದುಕೊಂಡು ಹೋದೆ. ಎರಡನೇ ಗುಂಡಿ ತೋಡುವಾಗ ಒಳಗಿಂದ ಅಜ್ಜಿ ಬಂದರು. ಇಲ್ಲಿ ಅಜ್ಜಿಯನ್ನು ಜಾಜ್ಜಾ ಅಂತಾರೆ. ಕೂಗಾಡಲಿಲ್ಲ. ‘ಸ್ಸೆಬೊ’ ಅಂತ ಮರ್ಯಾದೆಯಿಂದಲೇ ಕರೆದು, ಕೈಲಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿದರು. ಒಳಗೆ ರಸೀದಿಗಳು. ಹಳದಿಯಾದವು, ಮಡಚಿ ಮಡಚಿ ಹರಿದವು, ಹೊಸವು. ಎಲ್ಲಾ ಬುಸೂಲು ರಸೀದಿಗಳು. ಬುಸೂಲು ಅಂದರೆ ನಮ್ಮ ಗೇಣಿ. ತೆಗೆದುಕೊಂಡವನ ಹೆಸರು? ನನ್ನ ಹತ್ತಿರ 38 ಮಿಲಿಯನ್ ಎಣಿಸಿಕೊಂಡನಲ್ಲ, ಅವನದೇ. ಹಳೆಯವುಗಳ ಮೇಲೆ ಅವನ ಅಪ್ಪನದು. ಬೋಡಾ, ಅಂದರೆ ಬೈಕ್ ಟ್ಯಾಕ್ಸಿ, ಓಡಿಸುವ ಹುಡುಗ ಅಜ್ಜಿಯ ಮಾತನ್ನು ನನಗೆ ಹೇಳಿದ: ‘ನೀವು ಗುಂಡಿ ತೋಡುತ್ತಿರುವಲ್ಲಿ ಅವರ ಗಂಡ ಮಲಗಿದ್ದಾರಂತೆ, ಸ್ವಲ್ಪ ಈಚೆ ಬರಬೇಕಂತೆ.’

ಆಳುಗಳು ನನ್ನ ಮುಖ ನೋಡಿದರು. ನಾನು ಫೋನ್ ನೋಡಿದೆ, ಸುಮ್ನೆ.

ಆಮೇಲೆ ತಿಳಿದುಕೊಂಡಿದ್ದು ಇಷ್ಟು. ಇದು ಮೈಲೊ ಜಮೀನು. 1900ರಲ್ಲಿ ಬ್ರಿಟಿಷರು ಇಲ್ಲಿಯ ಬುಗಾಂಡಾ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡು ದೊರೆ ಕಬಾಕಾಗೂ ಮುಖಂಡರಿಗೂ ಚದರ ಮೈಲಿ ಲೆಕ್ಕದಲ್ಲಿ ನೆಲ ಹಂಚಿದರು. ಆ ಮೈಲಿಯೇ ಮೈಲೊ. ಅದರ ಮೇಲೆ ಮೊದಲಿಂದ ಉಳುತ್ತಿದ್ದವರು ಗೇಣಿದಾರರಾದರು. ಅವರ ಹಿಡುವಳಿಗೆ ಕಿಬಾಂಜಾ ಅಂತಾರೆ. 1975ರಲ್ಲಿ ಇದಿ ಅಮೀನ್ ಮೈಲೊ ರದ್ದು ಮಾಡಿದ, 1995ರ ಸಂವಿಧಾನ ವಾಪಸ್ ತಂದಿತು. 1998ರ ಭೂ ಕಾಯ್ದೆ ಪ್ರಕಾರ, ಆ ಸಂವಿಧಾನಕ್ಕೆ 12 ವರ್ಷ ಮೊದಲಿಂದ ತಕರಾರಿಲ್ಲದೆ ಕೂತವರಿಗೂ ಹಕ್ಕಿದೆ. ಜಮೀನು ಕೈ ಬದಲಾದರೂ ಆ ಹಕ್ಕು ಹೋಗುವುದಿಲ್ಲ. ಒಡೆಯ ಮಾರುವುದಾದರೆ ಮೊದಲು ಅವರನ್ನೇ ಕೇಳಬೇಕು. 2010ರ ತಿದ್ದುಪಡಿ ಆದ ಮೇಲೆ ಬುಸೂಲು ಕಟ್ಟದಿದ್ದರೆ ಮಾತ್ರ ಎಬ್ಬಿಸಬಹುದು, ಅದಕ್ಕೂ ಕೋರ್ಟ್ ಆದೇಶ ಬೇಕು. ಅಜ್ಜಿ ಕಟ್ಟಿದ್ದಾರೆ! ಕವರ್ ತುಂಬಾ ರಸೀದಿ ಇದೆ! ಇದರಲ್ಲಿ ಒಂದಕ್ಷರವೂ ನನ್ನ ಟೈಟಲ್ ಸರ್ಚಿನಲ್ಲಿ ಇರಲಿಲ್ಲ.

ವಕೀಲರಿಗೆ ಫೋನ್ ಮಾಡಿದೆ. ‘ನೀವು ಟೈಟಲ್ ನೋಡಿ ಅಂದಿರಿ. ಟೈಟಲ್ ನೋಡಿದ್ದೇನೆ.’ ಅಷ್ಟೇ. ಫೀಸ್ ತಗೊಂಡವರ ಮಾತು ಇದು. ಬ್ರೋಕರ್ ಮೊದಲು ‘ಅಜ್ಜಿಗೆ ಸ್ವಲ್ಪ ದುಡ್ಡು ಕೊಟ್ಟು ಎಬ್ಬಿಸಿ ಬಾಸ್’ ಅಂದ. ಮಾರನೇ ದಿನ ‘ಇಷ್ಟು ವರ್ಷದಿಂದ ಇಲ್ಲಿದ್ದೀರಿ, ಗೊತ್ತಿದೆ ಅಂದುಕೊಂಡೆ’ ಅಂದ. ಚೇರ್ಮನ್‌ಗೆ ಅವನ ಪತ್ರ ತೋರಿಸಿದೆ. ‘ಬರೆದ ದಿನ ಅಜ್ಜಿ ಮನೆಯಲ್ಲಿರಲಿಲ್ಲ’ ಅಂತಾನೆ! ಪೊಲೀಸ್ ಠಾಣೆಯಲ್ಲಿ ಫೈಲ್ ತೆರೆಯುವ ಮೊದಲೇ ಪೆಟ್ರೋಲಿಗೆ ‘ಫೆಸಿಲಿಟೇಶನ್’ ಕೇಳಿದರು. ಇಲ್ಲಿ ಲಂಚಕ್ಕೆ ಅದೇ ಹೆಸರು. ಕೊಟ್ಟೆ. ಕೊಟ್ಟೆ ಅಂತ ಹೇಳೋಕೂ ನಾಚಿಕೆ.

2017ರಲ್ಲಿ, ನಾನು ಬಂದ ಹೊಸದರಲ್ಲಿ, ನ್ಯಾಯಮೂರ್ತಿ ಕ್ಯಾಥರೀನ್ ಬಾಮುಗೆಮೆರೆಯಿರೆ ಆಯೋಗದ ಮುಂದೆ ಜನ ಜಮೀನಿನ ಗೋಳು ಹೇಳಿಕೊಳ್ಳುವುದನ್ನು ಟಿವಿಯಲ್ಲಿ ನೋಡುತ್ತಿದ್ದೆ. ಪಾಪ, ಹೇಗೆ ಇಷ್ಟು ದಡ್ಡರಾದರು ಅಂತ ಊಟ ಮಾಡುತ್ತಾ ಅಂದಿದ್ದೆ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ತಾತ ಗೇಣಿದಾರರು. ಉಳುವವನೇ ಒಡೆಯ ಅಂತ 1974ರ ಕಾನೂನು ಬಂದಾಗ ಫಾರಂ 7 ಹಾಕಿ ಎರಡು ಎಕರೆ ಪಡೆದವರು. ಗೇಣಿ ಚೀಟಿಗಳನ್ನು ಟ್ರಂಕಿನಲ್ಲಿ ಇಟ್ಟಿದ್ದರು, ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಅವರ ಮೊಮ್ಮಗ ನಾನು, ಇಲ್ಲಿ ಬಂದು ಇನ್ನೊಬ್ಬ ಗೇಣಿದಾರಳ ಗಂಡನ ಸಮಾಧಿ ಪಕ್ಕ ಗುಂಡಿ ತೋಡಿಸಿದೆ.

ಜಾಗ ನೋಡುವವರು ವಾರದ ದಿನ ಹೋಗಿ, ಸಂಜೆ ಹೋಗಿ, ಬ್ರೋಕರ್ ಇಲ್ಲದೆ ಹೋಗಿ. ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಕೇಳಿ. ಒಲೆ ಉರಿಯುತ್ತಿದ್ದರೆ, ಬಾಳೆ ಇದ್ದರೆ, ಸಮಾಧಿ ಇದ್ದರೆ ಅಲ್ಲಿ ಯಾರೋ ಇದ್ದಾರೆ. ಚೇರ್ಮನ್ ಪತ್ರ ನಂಬಬೇಡಿ. ಕಿಬಾಂಜಾದವರು ಒಪ್ಪಿ, ವಕೀಲರ ಮುಂದೆ ಸಹಿ ಹಾಕುವವರೆಗೆ ಒಂದು ಶಿಲಿಂಗ್ ಕೊಡಬೇಡಿ. ವಕೀಲರು ‘ಟೈಟಲ್ ಕ್ಲೀನ್’ ಅಂದರೆ ‘ನೆಲದ ಮೇಲೆ ಹೋಗಿ ನೋಡಿದಿರಾ?’ ಅಂತ ಕೇಳಿ. ನನ್ನವರು ನೋಡಿರಲಿಲ್ಲ.

ಜಗಳ ಮಾಡಿ, ಕೈಕಾಲು ಹಿಡಿದು, ಇಲ್ಲಿಯವರೆಗೆ 11 ಮಿಲಿಯನ್ ವಾಪಸ್ ಬಂದಿದೆ. ಉಳಿದಿದ್ದು ‘ಮುಂದಿನ ತಿಂಗಳು’. ಆ ಮುಂದಿನ ತಿಂಗಳು ಈಗಾಗಲೇ ಐದು ಸಲ ಬಂದು ಹೋಗಿದೆ. ಮನೆಯಲ್ಲಿ ನಾನು ಕೊಟ್ಟಿದ್ದು 20 ಅಂತಲೇ ಹೇಳಿದ್ದೇನೆ. 38 ಅಂತ ಇನ್ನೂ ಹೇಳಿಲ್ಲ.