11 ವರ್ಷ ಬಳಸಿದ ಬೆಲೆ ಕೈಪಿಡಿ: ಮೊದಲು ಓದಬೇಕಾದದ್ದು ಗ್ರೇಡಿಂಗ್ ಪುಟ

ಓಹಾಯೊದಲ್ಲಿ ನೆಲೆಸಿದ ಮೇಲೆ ಹಳೆಯ ಸೈನಿಕ ರಿವಾಲ್ವರ್‌ಗಳನ್ನು ಸಂಗ್ರಹಿಸತೊಡಗಿದೆ. ಬೆಂಗಳೂರಿನ ಟೂಲ್‌ರೂಮಿನಲ್ಲಿ ಕೆಲಸ ಕಲಿತವನು ನಾನು; ಲೋಹವನ್ನು ಕಂಡರೆ ಕೈ ತಾನಾಗಿ ಅದರ ಮೈ ಸವರುತ್ತದೆ. ಹಳೆಯ ಬಂದೂಕುಗಳ ಸ್ಥಿತಿಗೆ ತಕ್ಕಂತೆ ಬೆಲೆ ಹೇಳುವ ಈ ಕೈಪಿಡಿಯ ಹೊಸ ಆವೃತ್ತಿಯನ್ನು 11 ವರ್ಷಗಳಿಂದ ತಪ್ಪದೆ ಕೊಳ್ಳುತ್ತಿದ್ದೇನೆ. ಮೊದಲ ಎರಡು ವರ್ಷ ಬೆಲೆಯ ಪುಟಗಳನ್ನಷ್ಟೇ ನೋಡಿದೆ, ಸ್ಥಿತಿ ನೋಡಿ ದರ್ಜೆ ಕೊಡುವುದು ಹೇಗೆಂದು ತಿಳಿಸುವ ಮುಂಭಾಗದ ಗ್ರೇಡಿಂಗ್ ಪುಟಗಳನ್ನು ಓದಲಿಲ್ಲ. ನಷ್ಟವಾದದ್ದು ಅಲ್ಲಿಯೇ.

ನಾನು ಆಗ ಕೊಂಡದ್ದು ಸ್ಮಿತ್ ಆ್ಯಂಡ್ ವೆಸ್ಸನ್ 1917ರ ಮಾದರಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಪಿಸ್ತೂಲುಗಳು ಸಾಲದೆ ಬಂದಾಗ, ಆ ಪಿಸ್ತೂಲಿನದೇ .45 ಗುಂಡನ್ನು ಹಾರಿಸುವಂತೆ ಈ ಕಂಪನಿ ಮತ್ತು ಕೋಲ್ಟ್ ಎರಡೂ ತಯಾರಿಸಿಕೊಟ್ಟ ರಿವಾಲ್ವರ್ ಅದು. ಬಂದೂಕು ಮೇಳದ ಮೇಜಿನ ಮೇಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರುವವರು ಫಿನಿಶ್, ಅಂದರೆ ಲೋಹದ ಮೈಗೆ ಕೊಟ್ಟ ಬಣ್ಣ, ಶೇಕಡಾ 95 ಉಳಿದಿದೆ ಎಂದರು, ನಾನು ‘ಎಕ್ಸಲೆಂಟ್’ ಕಾಲಮ್ಮಿನ ಬೆಲೆ ಕೊಟ್ಟು ತಂದೆ. ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಎದೆ ಧಸಕ್ಕೆಂದಿತು. ಬ್ಯಾರೆಲ್ ಅಡಿಯ ‘ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ’ ಅಕ್ಷರಗಳ ಅಂಚು ಕರಗಿದಂತಿತ್ತು. ಸ್ಕ್ರೂ ತೂತುಗಳ ಸುತ್ತ ಲೋಹ ಬಟ್ಟಲಿನಂತೆ ತಗ್ಗಿತ್ತು. ಹೊಸ ನೀಲಿಯ ಕೆಳಗೆ ಹಳೆಯ ತುಕ್ಕು ಕೊರೆದ ಗುಳಿಗಳು ಹಾಗೆಯೇ ಇದ್ದವು. ಯಾರೋ ಉಜ್ಜಿ, ಪಾಲಿಶ್ ಹೊಡೆದು, ಮತ್ತೆ ಬ್ಲೂಯಿಂಗ್, ಅಂದರೆ ಉಕ್ಕಿಗೆ ನೀಲಿ ಬಣ್ಣ ಬರಿಸುವ ಸಂಸ್ಕರಣೆ, ಮಾಡಿಸಿದ್ದರು.

ಕೈಪಿಡಿ ಶೇಕಡಾ ಇಷ್ಟು ಎಂದಾಗ ಅದು ಎಣಿಸುವುದು ಕಾರ್ಖಾನೆಯಿಂದ ಬಂದ ಮೂಲ ಫಿನಿಶ್ ಅನ್ನು ಮಾತ್ರ. ಆ ಲೆಕ್ಕದಲ್ಲಿ ನನ್ನ ಕೈಯಲ್ಲಿದ್ದದ್ದು ಸೊನ್ನೆ. ಮಾರಿದಾಗ ಕೊಟ್ಟ ಹಣದ ಅರ್ಧವೂ ಮರಳಲಿಲ್ಲ.

ಅದೇ ವರ್ಷ ಒಂದು ಕೋಲ್ಟ್ 1917 ಸಿಕ್ಕಿತು. ನೋಡಲು ಮಂಕು. ತೊಗಲಿನ ಚೀಲಕ್ಕೆ ಉಜ್ಜಿ ಬ್ಯಾರೆಲ್ ತುದಿ ಬೆಳ್ಳಗಾಗಿತ್ತು, ಹಿಡಿಯ ಹಿಂಬದಿ ಕಂದು ತಿರುಗಿತ್ತು. ಆದರೆ ನೀಲಿ ಉಳಿದ ಕಡೆಯೆಲ್ಲ ಯುದ್ಧಕಾಲದ ಅವಸರದ ಪಾಲಿಶ್ ಗೀರುಗಳು ಸ್ಪಷ್ಟವಾಗಿದ್ದವು. ಆ ಒರಟು ಗೀರುಗಳೇ ಅದನ್ನು ಯಾರೂ ಮುಟ್ಟಿಲ್ಲ ಎನ್ನುವುದಕ್ಕೆ ಸಾಕ್ಷಿ. ಇಂದಿಗೂ ಅದನ್ನು ಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ತೊಡಕು ಗ್ರೇಡಿನ ಹೆಸರುಗಳದ್ದು. ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ರೂಪಿಸಿದ ಅಳತೆಗೋಲುಗಳು ಎರಡು, ಆಧುನಿಕ ಮತ್ತು ಪುರಾತನ. ಆಧುನಿಕದಲ್ಲಿ ‘ವೆರಿ ಗುಡ್’ ಎಂದರೆ ತುಕ್ಕಿಲ್ಲದ, ಎದ್ದು ಕಾಣುವ ಸವೆತವಿಲ್ಲದ, ಚೆನ್ನಾಗಿ ಕೆಲಸ ಮಾಡುವ ವಸ್ತು. ಪುರಾತನದಲ್ಲಿ ಅದೇ ಹೆಸರಿಗೆ ಮೂಲ ಫಿನಿಶ್ ಶೇಕಡಾ 30ಕ್ಕಿಂತ ಕಡಿಮೆ ಇದ್ದರೂ, ಒಂದಿಷ್ಟೂ ಇಲ್ಲದಿದ್ದರೂ ನಡೆಯುತ್ತದೆ. ಮಾರುವವರು ‘ವೆರಿ ಗುಡ್’ ಎಂದರೆ ಯಾವ ಅಳತೆಯಲ್ಲಿ ಎಂದು ನಾನು ಈಗ ಬಾಯಿಬಿಟ್ಟು ಕೇಳುತ್ತೇನೆ.

ಕೈಪಿಡಿಯ ಕಾಲಮ್ಮುಗಳ ನಡುವಿನ ಅಂತರವೂ ಸಮನಾಗಿಲ್ಲ. ಕೆಳಗಿನ ಮೆಟ್ಟಿಲುಗಳು ಗಿಡ್ಡ, ಮೇಲಿನವು ಎತ್ತರ. ಸವೆದ ರಿವಾಲ್ವರಿಗೆ ಒಂದು ಗ್ರೇಡ್ ತಪ್ಪು ಕೊಟ್ಟರೆ ತಡೆದುಕೊಳ್ಳಬಹುದು; ಮೇಲಿನ ಕಾಲಮ್ಮುಗಳಲ್ಲಿ ಅರ್ಧ ಗ್ರೇಡ್ ತಪ್ಪಿದರೂ ಕಿಸೆಗೆ ಕತ್ತರಿ.

ದೂರು ಹೇಳಲೇಬೇಕಾದದ್ದು ಮಾರ್ಪಾಡಾದ ವಸ್ತುಗಳ ಬಗ್ಗೆ. 1915ರಲ್ಲಿ ಬ್ರಿಟಿಷ್ ಸೇನೆಗೆ ಸೇರಿದ ವೆಬ್ಲಿ ಮಾರ್ಕ್ 6 ಹಾರಿಸುವುದು .455 ಗುಂಡು. ಅಮೆರಿಕಕ್ಕೆ ಬಂದ ಎಷ್ಟೋ ವೆಬ್ಲಿಗಳ ಸಿಲಿಂಡರ್ ಹಿಂಬದಿಯನ್ನು .45 ಗುಂಡು ಕೂರುವಂತೆ ಕೆತ್ತಿಬಿಟ್ಟಿದ್ದಾರೆ. ಫಿನಿಶ್ ಎಷ್ಟೇ ಚೆನ್ನಾಗಿರಲಿ, ಬೆಲೆ ಬಿದ್ದುಹೋಗುತ್ತದೆ. ಇದಕ್ಕೆ ಕೈಪಿಡಿ ಮೀಸಲಿಟ್ಟಿರುವುದು ಸಣ್ಣಕ್ಷರದ ಒಂದೇ ಸಾಲು. ಸೇನೆಯ ಆರ್ಸೆನಲ್‌ಗಳಲ್ಲಿಯೇ, ಅಂದರೆ ಶಸ್ತ್ರಾಗಾರಗಳಲ್ಲಿಯೇ, ದುರಸ್ತಿಯಾಗಿ ತುಕ್ಕು ತಡೆಯುವ ಬೂದುಬಣ್ಣದ ಪಾರ್ಕರೈಸ್ಡ್ ಫಿನಿಶ್ ಪಡೆದ 1917ರ ರಿವಾಲ್ವರ್‌ಗಳದ್ದು ಬೇರೆಯೇ ಕಥೆ. ಅವು ಮೂಲವೂ ಅಲ್ಲ, ಖಾಸಗಿಯವರು ಕೆಡಿಸಿದವೂ ಅಲ್ಲ. ಆ ಬೂದುಬಣ್ಣವೂ ಅವುಗಳ ಸೈನಿಕ ಚರಿತ್ರೆಯ ಭಾಗವೇ. ಅವಕ್ಕೆ ಕೈಪಿಡಿಯಲ್ಲಿ ಜಾಗವೇ ಇಲ್ಲ.

ಈಗ ಪುಸ್ತಕ ತೆರೆಯುವ ಮೊದಲು ರಿವಾಲ್ವರ್ ಖಾಲಿಯಿದೆ ಎಂದು ನೋಡಿಕೊಂಡು, ಹಿಡಿಯ ಬುಡ, ಸಿಲಿಂಡರಿನ ಹಿಂಬದಿ, ಬ್ಯಾರೆಲ್‌ನ ಅಡಿ, ಮೂರೂ ಕಡೆಯ ಸ್ಮಿತ್ ಆ್ಯಂಡ್ ವೆಸ್ಸನ್ ಕ್ರಮಸಂಖ್ಯೆಗಳನ್ನು ತಾಳೆ ನೋಡುತ್ತೇನೆ. ಶೇಕಡಾ ಎಷ್ಟು ಎಂಬ ಪ್ರಶ್ನೆ ಆಮೇಲಿನದು. ಕಾಗದದಲ್ಲಿ ಗ್ರೇಡ್ ಬರೆದಿಟ್ಟ ನಂತರವೇ ಬೆಲೆಯ ಪುಟ ತಿರುವುತ್ತೇನೆ. ಬೆಲೆ ಮೊದಲು ಕಣ್ಣಿಗೆ ಬಿದ್ದರೆ ಗ್ರೇಡ್ ಅದರ ಕಡೆಗೇ ವಾಲುತ್ತದೆ.

ಐದರಲ್ಲಿ ನಾಲ್ಕು ನಕ್ಷತ್ರ. ಆರ್ಸೆನಲ್‌ನಲ್ಲಿ ಮರುಫಿನಿಶ್ ಆದವುಗಳಿಗೆ ಪ್ರತ್ಯೇಕ ಸಾಲು ಬಂದ ವರ್ಷ ಐದನೆಯದನ್ನೂ ಕೊಡುತ್ತೇನೆ.