ನಿದ್ದೆಯಲ್ಲಿ ಮಂಗ ಓಡಿಸುವ ಅಪ್ಪ, ಹುಬ್ಬಳ್ಳಿಯ ಸ್ಲೀಪ್ ಟೆಸ್ಟ್: 5ಕ್ಕೆ 4 ಸ್ಟಾರ್

ಅಪ್ಪನಿಗೆ 67. ಶಿರಸಿ ಹತ್ತಿರ ಅಡಿಕೆ ತೋಟ. ಹಗಲಿಡೀ ಮಂಗ ಓಡಿಸಿದ್ದು ಸಾಲದು ಅಂತ ಎರಡು ವರ್ಷದಿಂದ ಬೆಳಗಿನ ಜಾವ ನಿದ್ದೆಯಲ್ಲೂ ಓಡಿಸುತ್ತಿದ್ದರು. ಕೂಗು, ಒದೆ, ಗುದ್ದು, ಕಣ್ಣು ಮಾತ್ರ ಮುಚ್ಚಿಯೇ ಇರುತ್ತಿತ್ತು. ನಾವೂ ನಗುತ್ತಿದ್ದೆವು. ತಾಯತ ಕಟ್ಟಿಸಿದ್ದೂ ಆಯಿತು. ಮಳೆಗಾಲದಲ್ಲಿ ಒಂದಿನ ಅಮ್ಮನ ಕೆನ್ನೆ ಬಾತುಕೊಂಡಿತು ನೋಡಿ, ಆಮೇಲೆ ಯಾರೂ ನಗಲಿಲ್ಲ.

ಊರಿನ ಡಾಕ್ಟರ್ ಚೀಟಿ ಬರೆದುಕೊಟ್ಟರು, ಹುಬ್ಬಳ್ಳಿಗೆ ಹೋದೆವು. ಆಸ್ಪತ್ರೆ ಹೆಸರು ಹಾಕುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಮೊದಲು ಒಳ್ಳೆಯದು. ಅಲ್ಲಿನ ನರರೋಗ ಡಾಕ್ಟರ್ ಅಪ್ಪನನ್ನು ಬಿಟ್ಟು ಅಮ್ಮನನ್ನೇ ಕೇಳಿದರು: ಎಷ್ಟು ಹೊತ್ತಿಗೆ ಆಗುತ್ತೆ, ಎಬ್ಬಿಸಿದರೆ ಕನಸು ಹೇಳ್ತಾರಾ? ನಿದ್ದೆಯಲ್ಲಿ ನಡೆಯುವವರು ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದಲ್ಲಿ, ಗಾಢ ನಿದ್ದೆಯಲ್ಲಿ ಎದ್ದು ಹೋಗುತ್ತಾರಂತೆ, ಎಬ್ಬಿಸಿದರೆ ಕಕ್ಕಾಬಿಕ್ಕಿ. ಅಪ್ಪನದ್ದು ಕನಸಿನ ನಿದ್ದೆ. ಆಗ ಮೈ ಸಡಿಲವಾಗಿ ಬಿದ್ದಿರಬೇಕು, ಇವರಿಗೆ ಆ ಬ್ರೇಕ್ ಹಿಡಿಯುತ್ತಿಲ್ಲ. ಹೆಸರು ಆರ್‌ಇಎಂ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್, ಆರ್‌ಇಎಂ ಅಂದರೆ ಈ ಕನಸಿನ ನಿದ್ದೆಯೇ. ಕೆಲವರಿಗೆ ಎಷ್ಟೋ ವರ್ಷದ ಮೇಲೆ ಪಾರ್ಕಿನ್ಸನ್ (ಕೈಕಾಲು ನಡುಗುವ, ನಡಿಗೆ ನಿಧಾನವಾಗುವ ನರರೋಗ) ಬರಬಹುದು ಅಂತಲೂ ಮುಚ್ಚಿಡದೆ ಹೇಳಿದರು. ಕೇಳಿ ಎದೆ ಧಸಕ್ಕೆಂದಿತು. ಆದರೂ ಹೇಳಿದ್ದು ಒಳ್ಳೆಯದೇ ಆಯಿತು, ಇನ್ನು ಮುಂದೆ ವರ್ಷಕ್ಕೊಮ್ಮೆ ತೋರಿಸುತ್ತೇವೆ.

ಇನ್ನು ಟೆಸ್ಟ್, ಅಂದರೆ ರಾತ್ರಿ ಅಲ್ಲೇ ಮಲಗಿಸಿ ನಿದ್ದೆ ನೋಡುವುದು. ತಲೆ, ಗಲ್ಲ, ಕಾಲಿಗೆಲ್ಲ ವೈರ್, ಮೂಗಿಗೊಂದು ನಳಿಕೆ, ಮೇಲೊಂದು ಕ್ಯಾಮೆರಾ. ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮ ಕಡೆಯವರ ತಲೆ ಗೊತ್ತಲ್ವಾ, ಕೊಬ್ಬರಿ ಎಣ್ಣೆ ಇಳಿಯುತ್ತಿರುತ್ತೆ! ವೈರ್ ಅಂಟಲೇ ಇಲ್ಲ. ರಾತ್ರಿ 9ಕ್ಕೆ ಮುದುಕರಿಗೆ ತಣ್ಣೀರಲ್ಲಿ ತಲೆ ಸ್ನಾನ, ಮೇಲಿಂದ ಎಸಿ, ಹೊದೆಯಲು ತೆಳ್ಳನೆಯ ಒಂದು ಚಾದರ. ಒಂದು ಸ್ಟಾರ್ ಹೋಗಿದ್ದು ಇಲ್ಲೇ.

ಉಸಿರು ಕಟ್ಟುವ ತೊಂದರೆಯೂ ಸ್ವಲ್ಪ ಇದೆ ಅಂತ ಟೆಸ್ಟಿನಲ್ಲೇ ಗೊತ್ತಾಗಿದ್ದು. ಅದಕ್ಕೇ ಈ ಕಾಯಿಲೆಗೆ ಕೊಡುವ ಕ್ಲೊನಾಜೆಪಾಮ್ ಅನ್ನೋ ಮಂಪರಿನ ಮಾತ್ರೆ ಬೇಡ ಅಂದರು, ಅದು ಉಸಿರಾಟವನ್ನು ಇನ್ನೂ ಕೆಡಿಸಬಹುದು, ವಯಸ್ಸಾದವರು ತೂಕಡಿಸಿ ಬೀಳಲೂಬಹುದು. ಮಲಗುವ ಮೊದಲು ಮೆಲಟೋನಿನ್ (ನಿದ್ದೆಯ ಹಾರ್ಮೋನಿನ ಮಾತ್ರೆ) 3 ಮಿಲಿಗ್ರಾಂ ಕೊಟ್ಟು, ಬೇಕಾದರೆ ಮುಂದೆ ಜಾಸ್ತಿ ಮಾಡೋಣ ಅಂದರು. ಹಾಸಿಗೆ ನೆಲಕ್ಕೆ ಬಂತು. ತಲೆ ಹತ್ತಿರದ ಚೊಂಬು, ಬ್ಯಾಟರಿ ದೂರ ಹೋದವು. ಅಮ್ಮ ಪಕ್ಕದ ಕೋಣೆಗೆ.

ಮೂರು ತಿಂಗಳಾಯಿತು. ಕೂಗು ಪೂರ್ತಿ ನಿಂತಿಲ್ಲ, ವಾರಕ್ಕೊಂದು ಸಲ ಇದ್ದೇ ಇದೆ, ಆದರೆ ಒದೆ ಇಲ್ಲ. ಹೋಗುವವರು ಎಣ್ಣೆ ಹಚ್ಚಬೇಡಿ, ಮನೆಯಿಂದಲೇ ಒಂದು ಕಂಬಳಿ ಒಯ್ಯಿರಿ.