ಅನುಬಿಸ್: ಬಾಟ್‌ಗಳ ದಾಳಿಗೆ ಒಂದು ಗೇಟು, ಅದನ್ನು ಎಲ್ಲಿ ನಿಲ್ಲಿಸಬೇಕು

ಪುಟಗಳನ್ನು ತಾನಾಗಿ ಬಾಚಿಕೊಳ್ಳುವ ಪ್ರೋಗ್ರಾಮುಗಳಿಗೆ (ಬಾಟ್, ಕ್ರಾಲರ್) ವೆಬ್‌ಸೈಟಿನ ಮುಂದೆಯೇ ತಡೆಯೊಡ್ಡುವ ತಂತ್ರಾಂಶ ಅನುಬಿಸ್. ಅದು ಏಕೆ ಬೇಕು ಎಂದು ತಿಳಿಯಲು, ಸೈಟು ಬಿದ್ದ ದಿನದ ಲಾಗ್ (ಸರ್ವರ್‌ಗೆ ಬಂದ ವಿನಂತಿಗಳ ದಾಖಲೆ) ತೆರೆದು ನೋಡಿ. ಒಂದು ಐಪಿಯಿಂದ ಒಂದೇ ವಿನಂತಿ, ಇನ್ನೊಂದರಿಂದ ಎರಡು, ಆಮೇಲೆ ಆ ಐಪಿಗಳ ಸುಳಿವೇ ಇಲ್ಲ. ಎಲ್ಲವೂ ತಮ್ಮನ್ನು ಕ್ರೋಮ್ ಎಂದೇ ಕರೆದುಕೊಂಡಿವೆ, ಆದರೆ ಒಂದೂ ಸಿಎಸ್‌ಎಸ್ (ಪುಟದ ವಿನ್ಯಾಸದ ಕಡತ) ಕೇಳಿಲ್ಲ, ಚಿತ್ರ ಕೇಳಿಲ್ಲ. ಕೇಳಿದ್ದೆಲ್ಲ ವಿಕಿಯ ಯಾವುದೋ ಮೂಲೆಪುಟದ ಎರಡು ಹಳೆಯ ಆವೃತ್ತಿಗಳ ವ್ಯತ್ಯಾಸ, ಇಲ್ಲವೇ ಗಿಟ್ ಭಂಡಾರದ (ಕೋಡ್ ಮತ್ತು ಅದರ ಇತಿಹಾಸ ಇಡುವ ಜಾಗ) ಒಂದೊಂದು ಕಮಿಟ್‌ನಲ್ಲಿ (ದಾಖಲಾದ ಬದಲಾವಣೆ) ಒಂದೊಂದು ಫೈಲಿನ ಬ್ಲೇಮ್ ಪುಟ, ಅಂದರೆ ಯಾವ ಸಾಲು ಯಾರು ಬರೆದರು ಎಂದು ತೋರಿಸುವ ಪುಟ. ಮನುಷ್ಯರು ವರ್ಷಕ್ಕೊಮ್ಮೆಯೂ ತೆರೆಯದ ಪುಟಗಳು ಇವು. ಹಾಗಾಗಿಯೇ ಕ್ಯಾಶ್‌ನಲ್ಲಿ (ಸಿದ್ಧಪುಟಗಳ ದಾಸ್ತಾನು) ಇರುವುದಿಲ್ಲ, ಪ್ರತಿ ಸಲವೂ ಡೇಟಾಬೇಸ್ ಮುಟ್ಟಿ ಹೊಸದಾಗಿ ತಯಾರಾಗಬೇಕು. ಪಿಎಚ್‌ಪಿ ಭಾಷೆಯ ಸೈಟುಗಳನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂನ ಕೆಲಸಗಾರ ಪ್ರಕ್ರಿಯೆಗಳೆಲ್ಲ ಇವುಗಳಲ್ಲೇ ಸಿಕ್ಕಿಬಿದ್ದಾಗ ಮುಖಪುಟ ಕೇಳಿ ಬಂದ ನಿಜವಾದ ಓದುಗರಿಗೆ 502 ಅಥವಾ 504 ಎಂಬ ಸರ್ವರ್ ದೋಷ ಕಾಣುತ್ತದೆ. ಮಾರಿಯಾಡಿಬಿ ಡೇಟಾಬೇಸ್‌ನ ಸಹಜ (ನಾವು ಬದಲಿಸದಿದ್ದರೆ ಇರುವ) ಮಿತಿ 151 ಸಂಪರ್ಕಗಳು. ಎಫ್‌ಪಿಎಂ ಸಂಖ್ಯೆಯನ್ನು ಯೋಚಿಸದೆ ಏರಿಸಿದರೆ ಆ ಮಿತಿ ಮುರಿಯುತ್ತದೆ, ಅಷ್ಟೇ.

2025ರ ಏಪ್ರಿಲ್‌ನಲ್ಲಿ ವಿಕಿಮೀಡಿಯ ಫೌಂಡೇಷನ್ ಕೊಟ್ಟ ಲೆಕ್ಕವೂ ಇದನ್ನೇ ಹೇಳುತ್ತದೆ: ಪುಟವೀಕ್ಷಣೆಗಳಲ್ಲಿ ಬಾಟ್‌ಗಳ ಪಾಲು ಸುಮಾರು 35%, ಆದರೆ ಅತಿ ದುಬಾರಿ ಟ್ರಾಫಿಕ್‌ನಲ್ಲಿ ಕನಿಷ್ಠ 65%. ತೊಂದರೆ ಎಷ್ಟು ಬಂದರು ಎಂಬುದಕ್ಕಿಂತ ಏನು ಕೇಳಿದರು ಎಂಬುದರಲ್ಲಿದೆ.

ಐಪಿ ಲೆಕ್ಕದಲ್ಲಿ ತಡೆಯುವ ಹಳೆಯ ಉಪಾಯಗಳು ಇಲ್ಲಿ ಸೋಲುತ್ತವೆ. ಮನೆಮನೆಯ ಸಂಪರ್ಕಗಳನ್ನೇ ಬಾಡಿಗೆಗೆ ಕೊಡುವ ಪ್ರಾಕ್ಸಿ ಜಾಲಗಳ ಮೂಲಕ ಬರುವ ಕ್ರಾಲರ್ ಒಂದು ಐಪಿಯಿಂದ ಒಂದೇ ಪುಟ ಕೇಳಿದರೆ, ಪದೇಪದೇ ಬಡಿಯುವ ಐಪಿಗಳನ್ನು ಎಣಿಸಿ ತಡೆಯುವ ಫೇಲ್‌ಟುಬ್ಯಾನ್ ಎಣಿಸುವುದಾದರೂ ಏನನ್ನು? ನಮ್ಮ ಮೊಬೈಲ್ ಜಾಲಗಳಲ್ಲಿ ಕಥೆ ಉಲ್ಟಾ: ಐಪಿವಿ4ನಲ್ಲಿ ನೂರಾರು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸದ ಹಿಂದಿರುತ್ತಾರೆ. ಎನ್‌ಜಿನ್‌ಎಕ್ಸ್ ವೆಬ್ ಸರ್ವರಿನಲ್ಲಿ ಐಪಿಗೆ ಇಷ್ಟು ಎಂದು ಬಿಗಿಯಾದ ಮಿತಿ ಹಾಕಿದರೆ ಕ್ರಾಲರ್ ತಪ್ಪಿಸಿಕೊಳ್ಳುತ್ತದೆ, ಫೋನಿನಲ್ಲಿ ಓದುವ ಹಾಸನದ ಓದುಗ ಸಿಕ್ಕಿಬೀಳುತ್ತಾನೆ. ಕ್ರಾಲರ್‌ಗಳಿಗೆ ಏನು ಬೇಡ ಎಂದು ತಿಳಿಸುವ ರೋಬಾಟ್ಸ್ ಕಡತದಲ್ಲಿ ಜಿಪಿಟಿಬಾಟ್, ಸಿಸಿಬಾಟ್, ಬೈಟ್‌ಸ್ಪೈಡರ್ ಬರಬಾರದು ಎಂದು ಬರೆದಿಡಿ, ನಷ್ಟವಿಲ್ಲ. ಆದರೆ ಅದು ಬಾಗಿಲ ಮೇಲಿನ ಬೋರ್ಡು, ಬೀಗವಲ್ಲ.

ಅನುಬಿಸ್ ಹುಟ್ಟಿದ್ದೂ ಇಂಥದೇ ಸಂಕಟದಲ್ಲಿ. 2025ರ ಜನವರಿಯಲ್ಲಿ ಅಮೆಜಾನ್‌ನ ಕ್ರಾಲರ್ ತಮ್ಮ ಗಿಟ್ ಸರ್ವರನ್ನು ಅಲುಗಾಡಿಸಿದಾಗ ಶೀ ಇಯಾಸೋ ಗೋ ಭಾಷೆಯಲ್ಲಿ ಇದನ್ನು ಬರೆದರು. ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶ, ಬಿಡಿಗಾಸು ಕೊಡಬೇಕಿಲ್ಲ. ಹೆಸರು ಸತ್ತವರ ಹೃದಯ ತೂಗುವ ಈಜಿಪ್ಟಿನ ದೇವರದು. ನಮ್ಮ ಕಡೆ ಬರೆದಿದ್ದರೆ ಚಿತ್ರಗುಪ್ತ ಎಂದಿಡುತ್ತಿದ್ದರೇನೋ. ಗ್ನೋಮ್‌ನ ಗಿಟ್‌ಲ್ಯಾಬ್, ಲಿನಕ್ಸ್ ಕರ್ನಲ್‌ನ ಮೇಲಿಂಗ್ ಲಿಸ್ಟ್ ಸಂಗ್ರಹ, ಕೋಡ್‌ಬರ್ಗ್, ಯುನೆಸ್ಕೋ ಇದನ್ನು ಬಳಸಿವೆ. ಗ್ನೋಮ್‌ನವರ ಎಣಿಕೆಯಲ್ಲಿ ಎರಡೂವರೆ ಗಂಟೆಯಲ್ಲಿ ಬಂದ ಸುಮಾರು 81,000 ವಿನಂತಿಗಳಲ್ಲಿ ಗೇಟು ದಾಟಿದ್ದು 3% ಮಾತ್ರ.

ಕೆಲಸ ಮಾಡುವ ಬಗೆ ಸರಳ. ವಿನಂತಿಯ ಜೊತೆ ಬರುವ ಸ್ವಪರಿಚಯದ ಸಾಲು, ಅಂದರೆ ಯೂಸರ್ ಏಜೆಂಟ್‌ನಲ್ಲಿ "ಮೊಜಿಲ್ಲಾ" ಎಂಬ ಪದವಿದ್ದರೆ (ಬ್ರೌಸರ್‌ಗಳೆಲ್ಲ ಹಾಗೆಯೇ ಹೇಳಿಕೊಳ್ಳುತ್ತವೆ) ಅನುಬಿಸ್ ಪುಟದ ಬದಲು ಒಂದು ಲೆಕ್ಕ ಕೊಡುತ್ತದೆ: ಶಾ-256 ಹ್ಯಾಶ್‌ನ (ಕೊಟ್ಟ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯುವ ಗುರುತು) ಮೊದಲಲ್ಲಿ ಇಷ್ಟು ಸೊನ್ನೆ ಬರುವ ಸಂಖ್ಯೆಯನ್ನು ಹುಡುಕು. ಹದಿನಾರರ ಎಣಿಕೆಯಲ್ಲಿ (ಹೆಕ್ಸ್) 4 ಸೊನ್ನೆ ಎಂದರೆ ಸರಾಸರಿ 65,536 ಪ್ರಯತ್ನ. 5 ಎಂದರೆ 10,48,576. ಒಂದು ಮೆಟ್ಟಿಲು ಏರಿಸಿದರೆ ಕೆಲಸ ಹದಿನಾರು ಪಟ್ಟು. ಹುಡುಕುವುದು ಕಷ್ಟ, ಸರಿಯೋ ತಪ್ಪೋ ನೋಡಲು ಸರ್ವರ್‌ಗೆ ಒಂದೇ ಹ್ಯಾಶ್ ಸಾಕು. ಉತ್ತರ ಸರಿಯಾದರೆ ಸಹಿ ಹಾಕಿದ ಕುಕಿ (ಬ್ರೌಸರ್ ಇಟ್ಟುಕೊಳ್ಳುವ ಪ್ರವೇಶ ಚೀಟಿ) ಸಿಗುತ್ತದೆ, ಅದರ ಆಯಸ್ಸು ಒಂದು ವಾರ. ಹಳೆಯ ಆವೃತ್ತಿಗಳಲ್ಲಿ ಎಲ್ಲರಿಗೂ ಮಟ್ಟ 4, ಅಂದರೆ 4 ಸೊನ್ನೆ. ಈಗಿನವುಗಳಲ್ಲಿ ಪ್ರತಿ ವಿನಂತಿಗೂ ಅನುಮಾನದ ತೂಕ ಕಟ್ಟಿ, ಕಡಿಮೆ ತೂಕದವರಿಗೆ ಜಾವಾಸ್ಕ್ರಿಪ್ಟ್ ಬೇಡದ ಹಗುರ ಪರೀಕ್ಷೆಯನ್ನೂ ಕೊಡಬಹುದು.

ಮಟ್ಟವನ್ನು 5ಕ್ಕೆ ಏರಿಸುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಬೇಡ. ಡೇಟಾಸೆಂಟರ್‌ನ ಒಂದು ಕೋರ್ ಸಿ ಭಾಷೆಯ ಪ್ರೋಗ್ರಾಮಿನಲ್ಲಿ 65,536 ಹ್ಯಾಶ್‌ಗಳನ್ನು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಸುತ್ತದೆ. ಅದೇ ಲೆಕ್ಕಕ್ಕೆ ಏಳೆಂಟು ಸಾವಿರದ ಫೋನು ಬ್ರೌಸರ್‌ನೊಳಗೆ ಬೆವರುತ್ತದೆ. ಏರಿಸಿದ ಹೊರೆಯನ್ನು ಹೊರುವುದು ಓದುಗನೇ.

ಸ್ಥಾಪನೆಯ ಮೊದಲ ಹೆಜ್ಜೆಗಳು ಸಲೀಸು. ನಿಮ್ಮ ಲಿನಕ್ಸ್‌ಗೆ ತಕ್ಕ ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜ್ ಹಾಕಿ, ಇಟಿಸಿ ಫೋಲ್ಡರಿನ ಅನುಬಿಸ್ ಉಪಫೋಲ್ಡರಿನಲ್ಲಿ ಸೈಟಿನ ಹೆಸರಿನ ಒಂದು ಎನ್ವಿ (ಸೆಟ್ಟಿಂಗುಗಳ) ಕಡತ ಮಾಡಿ. "ಬೈಂಡ್" ಅನುಬಿಸ್ ಕಿವಿಗೊಡುವ ಪೋರ್ಟ್, ಸಹಜವಾಗಿ 8923. "ಟಾರ್ಗೆಟ್" ಹಿಂದಿರುವ ಆ್ಯಪ್‌ನ ವಿಳಾಸ. ಆಮೇಲೆ ಸಿಸ್ಟಮ್‌ಡಿ ಸೇವೆ ಚಾಲೂ ಮಾಡಿ. ಅಂಕಿಅಂಶದ ಪೋರ್ಟ್ 9090, ಸರ್ವರ್‌ಗಳ ಅಂಕಿಅಂಶ ಕಲೆಹಾಕುವ ಪ್ರೊಮಿಥಿಯಸ್‌ನದೂ ಅದೇ. ಎರಡೂ ಒಂದೇ ಯಂತ್ರದಲ್ಲಿದ್ದರೆ ಒಂದನ್ನು ಬದಲಿಸಿ. ಪೋರ್ಟ್ ಬದಲು ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದ ಪ್ರೋಗ್ರಾಮುಗಳು ಮಾತಾಡುವ ಕಡತ) ಬಳಸಿದಾಗ 502 ಬಂದರೆ ಬೇರೇನನ್ನೂ ಹುಡುಕುವ ಮೊದಲು ಆ ಸಾಕೆಟ್ ತೆರೆಯಲು ಎನ್‌ಜಿನ್‌ಎಕ್ಸ್ ಬಳಕೆದಾರನಿಗೆ ಅನುಮತಿ ಇದೆಯೇ ನೋಡಿ.

ಫೋರ್ಜೆಜೊ, ಗಿಟೀಯಂಥ ಗಿಟ್ ಸರ್ವರ್‌ಗಳು ತಾವೇ ಎಚ್‌ಟಿಟಿಪಿ ಮಾತಾಡುವುದರಿಂದ ಅನುಬಿಸ್ ಮಧ್ಯೆ ಕೂತರೆ ಮುಗಿಯಿತು. ಮೀಡಿಯಾವಿಕಿ, ವರ್ಡ್‌ಪ್ರೆಸ್‌ಗಳಲ್ಲಿ ತಲೆನೋವು ಶುರು. ಅಲ್ಲಿ ಎನ್‌ಜಿನ್‌ಎಕ್ಸ್ ನೇರವಾಗಿ ಎಫ್‌ಪಿಎಂ ಜೊತೆ ಮಾತಾಡುತ್ತದೆ, ಅನುಬಿಸ್‌ಗೆ ಎಫ್‌ಪಿಎಂ ಭಾಷೆ ಬಾರದು. ಹಾಗಾಗಿ ಎರಡು ಸರ್ವರ್ ಬ್ಲಾಕ್ ಬೇಕು: ಹೊರಗಿನದು 443ರಲ್ಲಿ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಬಿಚ್ಚಿ ಅನುಬಿಸ್‌ಗೆ ಕೊಡುತ್ತದೆ, ಅನುಬಿಸ್ ಒಳಗಿನ ಬ್ಲಾಕ್‌ಗೆ, ಅದು ಎಫ್‌ಪಿಎಂಗೆ. ಕೆಡುವುದು ಸಾಮಾನ್ಯವಾಗಿ ಈ ಒಳಗಿನ ಬ್ಲಾಕ್‌ನಲ್ಲೇ. ಅದಕ್ಕೆ ಬರುವುದು ಬರೀ ಎಚ್‌ಟಿಟಿಪಿ, ಆದ್ದರಿಂದ ಆ್ಯಪ್ ಮತ್ತೆ ಮತ್ತೆ ಎಚ್‌ಟಿಟಿಪಿಎಸ್‌ಗೆ ದೂಡಿ ಸುತ್ತು ಹೊಡೆಸುತ್ತದೆ. ಎಫ್‌ಪಿಎಂಗೆ ಕೊಡುವ "ಎಚ್‌ಟಿಟಿಪಿಎಸ್" ನಿಯತಾಂಕವನ್ನು "ಆನ್" ಎಂದು ಬರೆದರೆ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು ಐಪಿ ಕಳೆದುಹೋಗುವುದು. ಒಳಗಿನ ಬ್ಲಾಕ್‌ನಲ್ಲಿ ರಿಯಲ್ ಐಪಿ ಮಾಡ್ಯೂಲ್ ಹೊಂದಿಸದಿದ್ದರೆ ವಿಕಿಯ ಕಣ್ಣಿಗೆ ಎಲ್ಲ ಸಂಪಾದಕರೂ 127.0.0.1ರಿಂದ, ಅಂದರೆ ಅದೇ ಯಂತ್ರದಿಂದ, ಬಂದವರೇ. ಒಬ್ಬ ಪುಂಡನ ಐಪಿ ನಿರ್ಬಂಧಿಸಿದರೆ ಲಾಗಿನ್ ಆಗದ ಅಷ್ಟೂ ಜನ ಹೊರಗೆ.

ಹೊರಗಿನ ಬ್ಲಾಕ್‌ನಲ್ಲಿ ಓದುಗನ ಅಸಲಿ ಐಪಿ ಹೊತ್ತ "ಎಕ್ಸ್-ರಿಯಲ್-ಐಪಿ" ಹೆಡರ್ ಕಳಿಸುವುದು ಕಡ್ಡಾಯ. ಅದಿಲ್ಲದಿದ್ದರೆ ಅನುಬಿಸ್ ಸಂರಚನೆ ತಪ್ಪಿದೆ ಎಂದು ದೋಷಪುಟ ತೋರಿಸಿ ಸುಮ್ಮನಾಗುತ್ತದೆ. ಸೈಟಿನ ಮುಂದೆ ಕ್ಲೌಡ್‌ಫ್ಲೇರ್ (ಸೈಟಿಗೂ ಓದುಗರಿಗೂ ನಡುವೆ ನಿಲ್ಲುವ ಸೇವೆ) ಇದ್ದರೆ ಆ ಹೆಡರ್‌ನಲ್ಲಿ ಕ್ಲೌಡ್‌ಫ್ಲೇರ್‌ನ ಐಪಿ ಕೂರದಂತೆ ಅಸಲಿ ಐಪಿಯನ್ನು ಮೊದಲೇ ತೆಗೆದುಕೊಳ್ಳಬೇಕು. ಇದು ತಪ್ಪಿದರೆ ಗೂಗಲ್‌ಬಾಟ್‌ಗೂ ಏಟು, ಏಕೆಂದರೆ ಅನುಬಿಸ್ ಅದನ್ನು ಒಳಬಿಡುವುದು ಹೆಸರಿನ ಜೊತೆ ಐಪಿ ವ್ಯಾಪ್ತಿಯನ್ನೂ ತಾಳೆ ನೋಡಿ. ಆ್ಯಪ್‌ನ ಪೋರ್ಟ್ ಹೊರಜಗತ್ತಿಗೆ ತೆರೆದೇ ಉಳಿದಿಲ್ಲ ಎಂಬುದನ್ನು ಬೇರೊಂದು ಯಂತ್ರದಿಂದ ಪರೀಕ್ಷಿಸಿ. ಮುಂಬಾಗಿಲಿಗೆ ಕಾವಲು, ಹಿತ್ತಿಲು ಬಯಲು ಎಂಬಂಥ ಸೈಟುಗಳು ಕಡಿಮೆ ಏನಿಲ್ಲ.

ಎರಡು ಸಹಜ ಮೌಲ್ಯಗಳ ಬಗ್ಗೆ ತಕರಾರಿದೆ. ಮೊದಲನೆಯದು ಕುಕಿಗೆ ಸಹಿ ಹಾಕುವ ಕೀಲಿ. ನೀವು ಕೊಡದಿದ್ದರೆ ಅನುಬಿಸ್ ಪ್ರತಿ ಸಲ ಎದ್ದಾಗಲೂ ಹೊಸದನ್ನು ಮಾಡಿಕೊಳ್ಳುತ್ತದೆ. ರೀಸ್ಟಾರ್ಟ್ ಆದೊಡನೆ ಎಲ್ಲರ ಕುಕಿಯೂ ರದ್ದಾಗಿ, ಎಲ್ಲರೂ ಮತ್ತೆ ಲೆಕ್ಕ ಮಾಡಬೇಕು. 32 ಬೈಟ್‌ಗಳ ಕೀಲಿಯೊಂದನ್ನು ಹೆಕ್ಸ್‌ನಲ್ಲಿ ಬರೆದು ಎನ್ವಿ ಕಡತದಲ್ಲಿ ಇಟ್ಟುಬಿಡಿ. ಎರಡು ಯಂತ್ರಗಳಲ್ಲಿ ಓಡಿಸುವವರು ಕೀಲಿಯ ಜೊತೆಗೆ ಸವಾಲುಗಳ ಸಂಗ್ರಹವನ್ನೂ ವಾಲ್ಕಿ ಡೇಟಾಬೇಸ್‌ನಂಥ ಹಂಚಿಕೆಯ ಜಾಗದಲ್ಲಿಡಬೇಕು, ಇಲ್ಲದಿದ್ದರೆ ಒಬ್ಬ ಕೇಳಿದ ಪ್ರಶ್ನೆ ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ.

ಎರಡನೆಯದು ಸ್ಥಿತಿ ಸಂಕೇತ. ಸವಾಲಿನ ಪುಟವೂ ನಿರಾಕರಣೆಯ ಪುಟವೂ ಸಹಜವಾಗಿ 200 (ಎಲ್ಲ ಸರಿ) ಎಂದೇ ಹೋಗುತ್ತವೆ. ಬಾಟ್‌ಗಳು 403 (ಪ್ರವೇಶವಿಲ್ಲ) ಕಂಡರೆ ಇನ್ನಷ್ಟು ಜೋರಾಗಿ ಬಡಿಯುತ್ತವೆ ಎಂಬ ಕಾರಣಕ್ಕೆ ಹೀಗಿದೆ, ಒಪ್ಪೋಣ. ಆದರೆ ಸೈಟು ಎದ್ದಿದೆಯೇ ಎಂದು ನೋಡುವ ಅಪ್‌ಟೈಮ್‌ರೋಬಾಟ್‌ನಂಥ ಕಾವಲು ಸೇವೆಗಳೂ ತಮ್ಮನ್ನು ಮೊಜಿಲ್ಲಾ ಎಂದು ಕರೆದುಕೊಳ್ಳುತ್ತವೆ. ಅವಕ್ಕೆ ಸವಾಲಿನ ಪುಟ 200ರಲ್ಲಿ ಸಿಗುತ್ತದೆ, ಹಿಂದೆ ಡೇಟಾಬೇಸ್ ಸತ್ತು ಮಲಗಿದ್ದರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆರೋಗ್ಯ ತಪಾಸಣೆಗೆಂದೇ ಒಂದು ವಿಳಾಸ ಮಾಡಿ, ಡೇಟಾಬೇಸ್ ಮುಟ್ಟಿ ಉತ್ತರಿಸುವಂತೆ ಬರೆದು, ಅನುಬಿಸ್‌ನ ನೀತಿ ಕಡತದಲ್ಲಿ ಅದಕ್ಕೆ ಮುಕ್ತ ದಾರಿ ಕೊಡಿ. ಹಾಗೆಯೇ ಆರ್‌ಎಸ್‌ಎಸ್ ಫೀಡು, ಗ್ರಂಥಾಲಯ ಸೈಟುಗಳ ಓಎಐ ವಿಳಾಸ (ಪುಸ್ತಕಗಳ ವಿವರ ಹಂಚುವ ದಾರಿ), ಪಾವತಿ ಗೇಟ್‌ವೇಯ ವೆಬ್‌ಹುಕ್ (ಹಣ ಬಂತೆಂದು ತಿಳಿಸುವ ಕರೆ) ಇವಕ್ಕೂ ಮುಕ್ತ ದಾರಿ ಬೇಕು: ಇವುಗಳನ್ನು ಕೇಳುವ ಪ್ರೋಗ್ರಾಮುಗಳಿಗೆ ಲೆಕ್ಕ ಮಾಡಲು ಬರುವುದಿಲ್ಲ.

ಇನ್ನು ಮಿತಿಗಳು. ಯೂಸರ್ ಏಜೆಂಟ್‌ನಿಂದ ಮೊಜಿಲ್ಲಾ ಪದ ಕಿತ್ತರೆ ಗೇಟು ತಂತಾನೇ ತೆರೆಯುತ್ತದೆ. ಗಿಟ್, ಕರ್ಲ್ (ಆದೇಶ ಸಾಲಿನಿಂದ ಪುಟ ತರುವ ಉಪಕರಣ), ಲಿಂಕ್ಸ್ ಎಂಬ ಪಠ್ಯ ಬ್ರೌಸರ್ ಓಡಾಡುವುದು ಈ ದಾರಿಯಲ್ಲೇ. ಉದ್ದೇಶಪೂರ್ವಕ ಸಡಿಲಿಕೆ ಇದು: ಬ್ರೌಸರ್ ವೇಷ ಕಳಚಿದ ಬಾಟ್ ಲಾಗ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಅದನ್ನು ಎನ್‌ಜಿನ್‌ಎಕ್ಸ್‌ನಲ್ಲೇ ತಡೆಯಬಹುದು. ದೊಡ್ಡ ಬಿರುಕು ಬೇರೆ. 2025ರ ಆಗಸ್ಟ್‌ನಲ್ಲಿ ಕ್ರಾಲರ್‌ಗಳು ಅನುಬಿಸ್ ಲೆಕ್ಕ ಬಿಡಿಸಲು ಕಲಿತಿವೆ ಎಂದು ಕೋಡ್‌ಬರ್ಗ್ ತಿಳಿಸಿತು. ಕಲಿಯುವುದರಲ್ಲಿ ಆಶ್ಚರ್ಯವಿಲ್ಲ. ಒಮ್ಮೆ ಗಳಿಸಿದ ಕುಕಿಗೆ ವಾರದ ಆಯಸ್ಸಿದ್ದರೆ ಖರ್ಚು ಹಂಚಿಹೋಗುತ್ತದೆ.

ಆದ್ದರಿಂದ ಇಡೀ ಸೈಟಿಗೆ ಅನುಬಿಸ್ ಕವಚ ತೊಡಿಸುವುದು ನಮಗೆ ಹಿಡಿಸುವುದಿಲ್ಲ. ಮೊದಲು ಲಾಗಿನ್ ಆಗದವರಿಗೆ ಸಾಮಾನ್ಯ ಪುಟಗಳನ್ನು ವಾರ್ನಿಶ್ ಎಂಬ ಕ್ಯಾಶ್ ತಂತ್ರಾಂಶದಿಂದಲೋ ಎನ್‌ಜಿನ್‌ಎಕ್ಸ್‌ನ ಕ್ಯಾಶ್‌ನಿಂದಲೋ ಕೊಡಿ. ಆ ಪುಟಗಳನ್ನು ಬಾಟ್ ಎಷ್ಟು ಓದಿದರೂ ಸರ್ವರ್ ಬೀಳುವುದಿಲ್ಲ. ವ್ಯತ್ಯಾಸ, ಇತಿಹಾಸ, ಹಳೆಯ ಆವೃತ್ತಿ, ವಿಶೇಷ ಪುಟಗಳು, ಬ್ಲೇಮ್, ಹಳೆಯ ಕಮಿಟ್‌ಗಳ ಜಿಪ್: ಇವಿಷ್ಟರ ಮುಂದೆ ಗೇಟು ನಿಲ್ಲಿಸಿ. ಆಗ ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದ ಓದುಗನಿಗೆ ಲೇಖನ ನೇರ ಸಿಗುತ್ತದೆ, ಅನುಬಿಸ್‌ನ ಮುಖವೇ ಕಾಣುವುದಿಲ್ಲ.

ಮುಖ ಎಂದಾಗ ನೆನಪಾಯಿತು. ಸವಾಲಿನ ಪುಟದಲ್ಲಿ ಜಪಾನೀ ಕಾರ್ಟೂನ್ ಶೈಲಿಯ ನರಿಕಿವಿಯ ಹುಡುಗಿಯೊಬ್ಬಳು ಕಾಣುತ್ತಾಳೆ. ಮುದ್ದಾಗಿಯೇ ಇದ್ದಾಳೆ, ಆದರೆ ಕಾಲೇಜಿನ ಆಡಳಿತ ಮಂಡಳಿಗೆ ಇದನ್ನು ವಿವರಿಸುವ ಹೊತ್ತಿಗೆ ಸಾಕುಸಾಕಾಗುತ್ತದೆ. ಚಿತ್ರ ತೆಗೆಯಬೇಡಿ ಎನ್ನುವುದು ಅಭಿವೃದ್ಧಿಪಡಿಸಿದವರ ವಿನಂತಿ; ಸ್ವಂತ ಲಾಂಛನ ಬೇಕಾದವರಿಗೆ ಬಾಟ್‌ಸ್ಟಾಪರ್ ಎಂಬ ಹಣದ ಆವೃತ್ತಿ ಇದೆ.

ಸ್ವಂತ ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಮತ್ತು ಅದರಲ್ಲಿ 128 ಎಂಬಿ ರ‍್ಯಾಮ್ ಬಿಡುವಿದ್ದವರಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದಾದ ಸರಕು. ಸಿಪ್ಯಾನೆಲ್‌ನ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಕೂತು 508 ದೋಷ (ನಿಮ್ಮ ಪಾಲಿನ ಮಿತಿ ಮುಗಿಯಿತು) ನೋಡುತ್ತಿರುವವರಿಗೆ ಇದು ಸಿಗುವಂಥದ್ದಲ್ಲ, ಅಲ್ಲಿ ಸ್ವಂತ ಸೇವೆ ಓಡಿಸಲು ಬಿಡುವುದಿಲ್ಲ. ಅವರು ಕ್ಲೌಡ್‌ಫ್ಲೇರ್‌ನ ಉಚಿತ ಯೋಜನೆಯಲ್ಲಿ ಎಐ ಬಾಟ್ ತಡೆಯುವ ಗುಂಡಿ ಒತ್ತಿ, ದುಬಾರಿ ವಿಳಾಸಗಳಿಗೆ ಮಾತ್ರ ಸವಾಲಿನ ನಿಯಮ ಬರೆದು, ವರ್ಡ್‌ಪ್ರೆಸ್‌ನಲ್ಲಿ ಪುಟ ಕ್ಯಾಶ್ ಪ್ಲಗಿನ್ ಹಾಕಿಕೊಳ್ಳುವುದು ವಾಸಿ.